ಸೋಮವಾರ, ಗುರುವಾರ ಕುಂಟುತ್ತಿದ್ದ ಕಾರು

ಹೋದ ವಾರ ಆಲೂರಿನ ನನ್ನ ಗ್ಯಾರೇಜಿಗೆ ಒಬ್ಬರು ಮೇಷ್ಟರು ಕಾರು ತಂದಿದ್ದರು. ಏರು ಬಂದರೆ ಜರ್ಕ್ ಹೊಡೆಯುತ್ತದೆ, ನಿಲ್ಲಿಸಿದರೆ ಇಡೀ ಗಾಡಿ ಅದುರುತ್ತದೆ ಎಂದರು. ಬಾನೆಟ್ ಎತ್ತಿ, ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಕೊಡುವ ಮೂರನೆಯ ಕಾಯಿಲ್ ಕಿತ್ತು, ಟಾರ್ಚ್ ಬಿಟ್ಟು ನೋಡಿದರೆ ಒಳಗೆ ನೀರು ನಿಂತಿತ್ತು. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಕೂರುವುದು ಗೇಣುದ್ದದ ಒಂದು ಕೊಳವೆಯಂಥ ಗುಂಡಿಯ ತಳದಲ್ಲಿ. ನಾವು ಅದನ್ನು ಬಾವಿ ಅನ್ನುತ್ತೇವೆ. ಹೆಸರಿಗೆ ಬಾವಿ, ಆದರೆ ಅದರಲ್ಲಿ ಹನಿ ನೀರೂ ಇರಬಾರದು, ಹನಿ ಎಣ್ಣೆಯೂ ಇರಬಾರದು. ಇದ್ದರೆ ಕಿಡಿ ಹಾರಬೇಕಾದ ಕಡೆ ಹಾರದೆ ಪಕ್ಕದಿಂದ ನುಣುಚಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಗಾಡಿ ಮೂರರಲ್ಲಿ ಓಡುತ್ತದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಮಿಸ್ಸಿಂಗ್ ಅಂತ ಹೆಸರು.

ನೀರು ಬತ್ತಿಸಿ ಪ್ಲಗ್ ಬಿಚ್ಚಿದೆ. ಉರಿಯದೆ ಉಳಿದ ಪೆಟ್ರೋಲಿನ ಹಸಿ ವಾಸನೆ ಮೂಗಿಗೆ ಹೊಡೆಯಿತು. "ಅಲ್ಲಿಗೆ ನೀರು ಹೆಂಗ್ರೀ ಹೋಯ್ತು?" ಎಂದು ಮೇಷ್ಟರು ಕೇಳಿದರು. ಅವರ ಹೆಂಡತಿ, ಭಾವಮೈದುನ, ಇನ್ನೊಬ್ಬ ಗಿರಾಕಿ ಸುತ್ತ ನಿಂತಿದ್ದರು. ಕಾರು ತೊಳೆದವರು ಯಾರು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. "ಮಳೆಗಾಲ ಸಾರ್, ಹೋಗ್ತದೆ" ಎಂದು ಸುಮ್ಮನಾದೆ. ನಾಲ್ಕು ಜನರ ಎದುರು ಆ ಪ್ರಶ್ನೆಗೆ ಒಮ್ಮೆ ಬಾಯಿ ತುಂಬ ಉತ್ತರ ಹೇಳಿದವನು ನಾನು. ಮೇಷ್ಟರು ಹೋದ ಮೇಲೂ ಆ ವಾಸನೆ ಬೆರಳಲ್ಲಿ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತರೂ ಹೋಗಲಿಲ್ಲ. ವನಗೂರಿನ ಆ ಒಂದು ಮಳೆಗಾಲ ಪೂರ್ತಿ ನೆನಪಿಗೆ ಬಂತು.

ಹನ್ನೆರಡು ವರ್ಷ ಆಯಿತು. ಆಗ ನನಗೆ ಇಪ್ಪತ್ತೇಳು. ಸಕಲೇಶಪುರದಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಎಂಟು ವರ್ಷ ಕೆಲಸ ಮಾಡಿ, ಒಂದು ದಿನ ಕ್ಲಚ್ ಪ್ಲೇಟಿನ ವಿಷಯಕ್ಕೆ ಜಗಳ ತೆಗೆದು, ಕೈಯಲ್ಲಿದ್ದ ಪಾನ, ಅಂದರೆ ಸ್ಪ್ಯಾನರ್, ಎಸೆದು ಬಂದಿದ್ದೆ. ತಪ್ಪು ಅವರದೇ. ಈಗ ಕೇಳಿದರೂ ಹಾಗೇ ಹೇಳುತ್ತೇನೆ. ಅಪ್ಪ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ದೋಣಿಗಲ್ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಇಡೀ ಆಯುಷ್ಯದಲ್ಲಿ ಯಾರೊಂದಿಗೂ ದನಿ ಏರಿಸಿದವರಲ್ಲ. "ಇವನಿಗೆ ಈ ಬಾಯಿ ಯಾರ ಕಡೆಯಿಂದ ಬಂತೋ" ಎಂದು ಅಮ್ಮ ಕೊಂಕಣಿಯಲ್ಲಿ ಗೊಣಗುತ್ತಿದ್ದಳು, ತನ್ನ ಕಡೆಯಿಂದ ಬಂದದ್ದು ಎನ್ನುವುದು ಮರೆತು.

ವನಗೂರಿಗೆ ಸ್ವಲ್ಪ ಮೊದಲು, ಏರು ಮುಗಿಸಿದ ಜೀಪುಗಳು ಉಸಿರು ತೆಗೆದುಕೊಳ್ಳಲು ನಿಲ್ಲುವ ತಿರುವಿನಲ್ಲಿ, ನಾಲ್ಕು ತಗಡು ಹಾಕಿ ಗ್ಯಾರೇಜ್ ಶುರು ಮಾಡಿದೆ. ಏಪ್ರಿಲ್‌ನಲ್ಲಿ ಶುರು ಮಾಡಿದವನಿಗೆ ಮಳೆಗಾಲದ ಅಂದಾಜೇ ಇರಲಿಲ್ಲ. ಜೂನ್ ಬಂದ ಮೇಲೆ ಗೊತ್ತಾಯಿತು, ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ಎಂಜಿನ್ ಶಬ್ದ ಕೇಳುವುದೇ ಇಲ್ಲ ಎಂದು. ಮೆಕ್ಯಾನಿಕ್ ಆದವನು ಅರ್ಧ ಕೆಲಸ ಕಿವಿಯಲ್ಲಿ ಮಾಡುತ್ತಾನೆ. ನಾನು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರ್ ಥರ ಬಗ್ಗಿ ನಿಲ್ಲುತ್ತಿದ್ದೆ. ಜೀಪಿನವರಿಗೆ ಅದೊಂದು ತಮಾಷೆ. "ಡಾಕ್ಟ್ರೇ, ಉಸುರು ಐತಾ?" ಎಂದು ಕೇಳುತ್ತಿದ್ದರು. ಪಾನಗಳ ಡಬ್ಬಿಯಲ್ಲಿ ರಕ್ತ ಹೀರುವ ಇಂಬಳ ಸಿಗುತ್ತಿತ್ತು. ಬ್ರೇಕ್ ಶೂ ಒಣಗಿಸಲು ಇಟ್ಟ ಕೆಂಡದ ಪಕ್ಕದಲ್ಲೇ ನನ್ನ ಕಾಲುಚೀಲವೂ ಒಣಗಬೇಕು. ಬೈದುಕೊಳ್ಳುತ್ತಲೇ ಇದ್ದೆ, ಆದರೆ ಸುಖವಾಗಿಯೂ ಇದ್ದೆ. ಸ್ವಂತದ್ದು ಅನ್ನುವ ಖುಷಿ ಅದು.

ಜೂನ್ ಕೊನೆಯ ಒಂದು ಮಧ್ಯಾಹ್ನ ಹೂವಣ್ಣ ಬಂದ. ಅರವತ್ತರ ಹತ್ತಿರದ ಮನುಷ್ಯ, ಆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷದಿಂದ ಡ್ರೈವರ್. ಎಸ್ಟೇಟಿನ ಯಜಮಾನಿ ಸುಮಿತ್ರಮ್ಮನವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿದ್ದ ಅವರನ್ನು ಸುತ್ತಲಿನವರೆಲ್ಲ ಅಮ್ಮಾವ್ರು ಅನ್ನುತ್ತಿದ್ದರು. ಹೂವಣ್ಣ ತಂದದ್ದು ಅವರ ಬಿಳಿ ಪೆಟ್ರೋಲ್ ಕಾರನ್ನು. ಆ ಕೆಸರಿನಲ್ಲಿ ಜೀಪುಗಳ ನಂಬರ್ ಪ್ಲೇಟೂ ಕಾಣದ ಕಾಲ. ಈ ಕಾರಿನ ಚಕ್ರದ ಒಳಗೂ ಕೊಳೆ ಇರಲಿಲ್ಲ. ನಾನು ಬಾನೆಟ್ ಎತ್ತಿ ಪಾನವನ್ನು ಪಕ್ಕದಲ್ಲಿ ಇಡಲು ಹೋದರೆ ಹೂವಣ್ಣ ನನ್ನ ಕೈ ಹಿಡಿದ.

"ಬಣ್ಣ ಗೀರೋಯ್ತದೆ ಕಣೋ. ಕೆಳಗಿಡು."

"ರಿಪೇರಿಗೆ ಬಂದಿದ್ದೋ, ಮದ್ವೆಗೆ ಬಂದಿದ್ದೋ?" ಎಂದೆ.

"ಮದ್ವೆಗೇ ಅಂದ್ಕೊ. ಆದ್ರೆ ಹುಡುಗಿ ಮೂರು ಕಾಲಲ್ಲಿ ಕುಂಟ್ತಾವ್ಳೆ" ಎಂದು ನಗದೆ ಹೇಳಿದ.

ಮೊದಲನೆಯ ಬಾವಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು, ಉಳಿದ ಮೂರರಲ್ಲೂ ಜಿಡ್ಡಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಒಳಗೆ ಪ್ರತಿ ಬಾವಿಗೂ ಒಂದೊಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಬೆಂದು ಅದು ಗಟ್ಟಿಯಾಗಿ ಒಡೆದರೆ ಆಯಿಲ್ ನಿಧಾನಕ್ಕೆ ಬಾವಿಗೆ ಇಳಿಯುತ್ತದೆ. ಸಾಮಾನ್ಯ ರೋಗ. ಹಾಸನದಿಂದ ಸೀಲು, ಪ್ಯಾಕಿಂಗ್ ತರಿಸಿ, ಪ್ಲಗ್ ಹೊಸದು ಹಾಕಿ ಎರಡು ದಿನದಲ್ಲಿ ರೆಡಿ ಮಾಡಿದೆ. ಪ್ರತಿ ಕಾಯಿಲಿನ ತುದಿಯಲ್ಲೂ ಪ್ಲಗ್ಗನ್ನು ಕಚ್ಚಿ ಹಿಡಿಯುವ ಒಂದು ಉದ್ದ ರಬ್ಬರ್ ಇರುತ್ತದೆ. ನಾಲ್ಕೂ ಆಯಿಲ್ ಕುಡಿದು ಸ್ವಲ್ಪ ಉಬ್ಬಿದ್ದವು. ಹೊಸದು ತರಿಸಿರಲಿಲ್ಲ. ಒರೆಸಿ ಹಳೆಯವನ್ನೇ ಹಾಕಿದೆ. "ಇನ್ನು ಮೂರು ವರ್ಷ ಬಾನೆಟ್ ಎತ್ಬೇಡ ಹೂವಣ್ಣ" ಎಂದು ಜಂಭದಿಂದ ಹೇಳಿ ಕಳಿಸಿದೆ.

ಹನ್ನೊಂದನೆಯ ದಿನ ಅದೇ ಕಾರು ಹಗ್ಗ ಕಟ್ಟಿಸಿಕೊಂಡು ಜೀಪಿನ ಹಿಂದೆ ಬಂತು.

ಅಮ್ಮಾವ್ರಿಗೆ ಎರಡೂ ಮೂತ್ರಪಿಂಡ ಸೋತಿದ್ದವು. ಆ ಬೇಸಗೆಯಿಂದ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗ್ಗೆ ಏಳಕ್ಕೆ ಎಸ್ಟೇಟ್ ಬಿಟ್ಟರೆ ಹತ್ತಕ್ಕೆ ಮಷಿನ್ ಸಿಗುತ್ತಿತ್ತು. ತಪ್ಪಿದರೆ ಇನ್ನೊಬ್ಬರ ಪಾಲು. ಹಿಂದಿನ ದಿನ, ಗುರುವಾರ, ಹೆತ್ತೂರು ದಾಟಿದ ಮೇಲೆ ಏರಿನಲ್ಲಿ ಕಾರು ಜಗ್ಗಿ ಜಗ್ಗಿ ನಿಂತು, ಅಮ್ಮಾವ್ರು ಸುರಿಯುವ ಮಳೆಯಲ್ಲಿ ಎರಡು ಗಂಟೆ ರಸ್ತೆಬದಿ ಕೂತಿದ್ದರಂತೆ. ಡಯಾಲಿಸಿಸ್ ತಪ್ಪಿ, ಬೆಳಗಾಗುವಷ್ಟರಲ್ಲಿ ಮುಖ, ಕಾಲು ಊದಿಕೊಂಡಿದ್ದವಂತೆ. ಇದನ್ನೆಲ್ಲ ಹೇಳುವಾಗ ಹೂವಣ್ಣ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈ ಸಲ ಬಾವಿಯಲ್ಲಿ ಆಯಿಲ್ ಇರಲಿಲ್ಲ. ನೀರಿತ್ತು, ಎರಡು ಬಾವಿಯಲ್ಲಿ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಇನ್ನೇನು ಯೋಚನೆ ಮಾಡುವುದು? ಮಳೆನೀರು ಬಾನೆಟ್ ಸಂದಿಯಿಂದ ಇಳಿಯುತ್ತಿದೆ ಎಂದು ತೀರ್ಮಾನ ಮಾಡಿದೆ. ಗಾಜಿನ ಕೆಳಗಿನ ನೀರು ಹೋಗುವ ತೂತಿನಲ್ಲಿ ಸಿಲ್ವರ್ ಓಕ್ ಎಲೆ ತುಂಬಿತ್ತು, ತೆಗೆದೆ. ಬಾನೆಟ್ ಅಂಚಿಗೆ ಹೊಸ ರಬ್ಬರ್ ಬೀಡಿಂಗ್ ಹೊಡೆದೆ. ಎರಡು ದಿನ ಚೆನ್ನಾಗಿ ಓಡಿತು. ಮುಂದಿನ ಸೋಮವಾರ ಮತ್ತೆ ಕುಂಟಿತು. ಬಾನೆಟ್ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದೆ. ಗುರುವಾರ ಕುಂಟಿತು. ಹಾಗೂ ಹೀಗೂ ಆಸ್ಪತ್ರೆ ಮುಟ್ಟುತ್ತಿತ್ತು, ಆದರೆ ಪ್ರತಿ ಏರಿನಲ್ಲೂ ಅಮ್ಮಾವ್ರು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಕೂರುತ್ತಿದ್ದರಂತೆ.

ವಿಚಿತ್ರ ಏನೆಂದರೆ ಬೇರೆ ದಿನಗಳಲ್ಲಿ ಕಾರಿಗೆ ಏನೂ ಆಗುತ್ತಿರಲಿಲ್ಲ. ಸಂತೆಗೆ ಹೋಗಿ ಬರುತ್ತಿತ್ತು, ಬ್ಯಾಂಕಿಗೆ ಹೋಗಿ ಬರುತ್ತಿತ್ತು, ಎಷ್ಟು ಮಳೆ ಬಂದರೂ ಜಗ್ಗುತ್ತಿರಲಿಲ್ಲ.

"ಸ್ವಾಮಾರ, ಗುರುವಾರ ಮಾತ್ರ ಯಾಕೋ ಹಿಂಗೆ?" ಎಂದು ಹೂವಣ್ಣ ಕೇಳಿದ. "ನಮ್ ಎಸ್ಟೇಟ್ ರೈಟರು ದೃಷ್ಟಿ ಆಗೈತೆ ಅಂದ್ರು. ನಿಂಬೆಹಣ್ಣೂ ಕಟ್ದೆ."

"ಆ ದಿನ ಬೆಳಗ್ಗೆ ಏನು ಮಾಡ್ತೀಯ ಗಾಡಿಗೆ?"

"ಏನ್ ಮಾಡ್ತೀನಿ? ತೊಳ್ದು, ಒರೆಸಿ, ಬಾಗಿಲಿಗೆ ತಂದು ನಿಲ್ಲಿಸ್ತೀನಿ."

ಯಾವ ಡ್ರೈವರ್ ಗಾಡಿ ತೊಳೆಯುವುದಿಲ್ಲ? ಆ ಮಾತು ನನ್ನ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಹೊರಬಂತು. ತಲೆ ಕೆಟ್ಟಿತ್ತು. "ಏರಲ್ಲಿ ಗೇರ್ ಸರಿಯಾಗಿ ಹಾಕ್ತೀಯಾ ಇಲ್ವಾ?" ಎಂದು ರೇಗಿದೆ. ನಾನು ಹುಟ್ಟುವ ಮೊದಲೇ ಸ್ಟೇರಿಂಗ್ ಹಿಡಿದವನಿಗೆ ಗೇರಿನ ಪಾಠ. ಹೂವಣ್ಣ, "ನಿಂಗೆ ಗೊತ್ತಾಗ್ತಿಲ್ಲ ಅಂದ್ರೆ ಹೇಳ್ಬುಡು ಮಾರಾಯ, ಅದ್ರಲ್ಲಿ ನಾಚ್ಕೆ ಏನೈತೆ" ಎಂದ. ನನಗೆ ಗೊತ್ತಾಗುತ್ತಿರಲಿಲ್ಲ. ಹೇಳಲಿಲ್ಲ.

ಆಗಸ್ಟ್ ಕೊನೆಗೆ ವಿಷಯ ಹಾಸನಕ್ಕೆ ಮುಟ್ಟಿತು. ಅಲ್ಲಿ ಅಮ್ಮಾವ್ರ ತಮ್ಮ ಜಯಣ್ಣಗೌಡರು ಇದ್ದರು. ಅಕ್ಕನ ಮೇಲೆ ಜೀವ, ಬೇರೆಯವರ ಮೇಲೆ ಬರೀ ದರ್ಪ. ಇನ್ನೊಂದು ಸಲ ಕಾರು ದಾರಿಯಲ್ಲಿ ಕೈಕೊಟ್ಟರೆ ಆಯುಧಪೂಜೆಗೆ ಹೊಸ ಡೀಸೆಲ್ ಗಾಡಿ, ಅದರ ಜೊತೆಗೇ ಹೊಸ ಡ್ರೈವರ್ ಎಂದು ಹೇಳಿ ಹೋಗಿದ್ದರು. ಹೂವಣ್ಣನನ್ನು ಬಿಡಿಸುವುದಿಲ್ಲವಂತೆ. ಸಂಬಳವೂ ಕಡಿಮೆ ಮಾಡುವುದಿಲ್ಲವಂತೆ.

"ಗೇಟಲ್ಲಿ ಕುರ್ಚಿ ಹಾಕ್ಕೊಡ್ತಾರಂತೆ" ಎಂದ ಹೂವಣ್ಣ. ನನ್ನ ಶೆಡ್ಡಿನ ಟೈರಿನ ಮೇಲೆ ಕೂತಿದ್ದ. "ಅಮ್ಮಾವ್ರು ಮದ್ವೆ ಆಗಿ ಈ ತೋಟಕ್ಕೆ ಬಂದಾಗ ಕರ್ಕೊಂಡ್ ಬಂದಿದ್ದು ನಾನು. ಯಜಮಾನ್ರನ್ನ ಕೊನೇಗೆ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು ನಾನು. ಇವತ್ತು ಅಮ್ಮಾವ್ರು ಡಯಾಲಿಸಿಸ್ ಮುಗ್ಸಿ ಬರೋವಾಗ ಕಣ್ಣು ಮುಚ್ಕೊಂಡು ಕೂತಿರ್ತಾರೆ. ಯಾವ ಗುಂಡೀಲಿ ಕೈ ನೋವಾಯ್ತದೆ, ಎಲ್ಲಿ ವಾಂತಿ ಬಂದಂಗಾಯ್ತದೆ ಅಂತ ನಂಗ್ ಗೊತ್ತು. ಹೊಸಬ್ರಿಗೆ ಗೊತ್ತಾಗ್ತದಾ? ನಾನ್ ಗೇಟಲ್ಲಿ ಕೂತು ಆ ಗಾಡಿಗೆ ಸಲಾಂ ಹೊಡಿಬೇಕಾ?"

ಟೀ ತರಿಸಿದೆ. ಅವನು ಕುಡಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಬಿಸಿಲು ಕಂಡದ್ದೇ ತಡ, ಎಲ್ಲ ತೋಟಗಳಲ್ಲಿ ಬೋರ್ಡೋ ಹೊಡೆಯಲು ಶುರು. ಕಾಫಿಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಪಂಪಿನಲ್ಲಿ ಗಿಡಗಳಿಗೆ ಹೊಡೆಯುವ ಔಷಧಿ ಅದು. ಆ ವಾರಗಳಲ್ಲಿ ರಸ್ತೆಯಲ್ಲಿ ಸಿಕ್ಕವರ ಅಂಗಿ, ಟೋಪಿ, ಮೀಸೆಯೆಲ್ಲ ತಿಳಿನೀಲಿ. ಒಂದು ಶನಿವಾರ ಹೂವಣ್ಣ ಕಾರು ಬಿಟ್ಟು ಹೋದ. ಮತ್ತೆ ಮಿಸ್ಸಿಂಗ್. ಕಾಯಿಲ್ ಕಿತ್ತು, ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಪ್ಲಗ್ಗಿನ ಸೊಂಟದ ಸುತ್ತ ಬೂದಿಯಂಥ ಪುಡಿ ಅಂಟಿತ್ತು. ಉಗುರಿನಲ್ಲಿ ಕೆರೆದೆ. ಬಿಳಿಯಲ್ಲ, ನೀಲಿ.

ಮಳೆನೀರಿಗೆ ಬಣ್ಣ ಇರುವುದಿಲ್ಲ.

ಸಂಜೆ ಪ್ಲಗ್ ಒರೆಸಿ ಹಾಕಿ ಕಾರು ಕಳಿಸಿದೆ. ಮಾರನೆಯ ದಿನ ಭಾನುವಾರದ ಚರ್ಚಿನ ಪೂಜೆಗೆ ಸಕಲೇಶಪುರಕ್ಕೆ ಹೋದರೂ ತಲೆಯಲ್ಲಿ ಅದೇ. ಬೋರ್ಡೋ ಎಂಜಿನ್ ಒಳಗೆ ಹೇಗೆ ಹೋಗುತ್ತದೆ? ಯಾರೋ ಬೇಕೆಂದೇ ಮಾಡುತ್ತಿರಬೇಕು, ಹೂವಣ್ಣನ ಸೀಟಿನ ಮೇಲೆ ಕಣ್ಣಿಟ್ಟವರು ಯಾರೋ ಇರಬೇಕು ಎಂದೆಲ್ಲ ಪತ್ತೇದಾರಿ ಮಾಡಿದೆ. ಸೋಮವಾರ ಬೆಳಗ್ಗೆ ಆರಕ್ಕೆ ಪಾನದ ಡಬ್ಬಿ ಹಿಡಿದುಕೊಂಡು ಎಸ್ಟೇಟಿಗೆ ಹೋದೆ. ನನಗಿಂತ ಮೊದಲೇ ಜಯಣ್ಣಗೌಡರು ಬಂದಿದ್ದರು. ಆ ದಿನ ತಮ್ಮ ಗಾಡಿಯಲ್ಲಿ ಅಕ್ಕನ ಕಾರಿನ ಹಿಂದೆಯೇ ಹೋಗಿ, ಇವನು ಹೇಗೆ ಓಡಿಸುತ್ತಾನೆ ಎಂದು ನೋಡುವುದು ಅವರ ಯೋಚನೆ. ರೈಟರು ಅವರ ಪಕ್ಕ ಕೈಕಟ್ಟಿ ನಿಂತಿದ್ದರು.

ಸ್ಟೋರಿನ ಹಿಂದಿನಿಂದ ಪಂಪಿನ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಬಿಳಿ ಕಾರು ಬಾನೆಟ್ ತೆರೆದುಕೊಂಡು ನಿಂತಿದೆ. ಅದರ ಮುಂದೆ ಹೂವಣ್ಣ, ಪ್ಯಾಂಟ್ ಮೊಣಕಾಲಿಗೆ ಮಡಚಿಕೊಂಡು, ಕೈಯಲ್ಲಿ ಕಾಫಿಗೆ ಔಷಧಿ ಹೊಡೆಯುವ ಸ್ಪ್ರೇ ಗನ್ ಹಿಡಿದು, ಎಂಜಿನ್ ಮೇಲೆ ನೀರು ಬಿಡುತ್ತಿದ್ದಾನೆ. ಎಳೆ ಮಗುವಿಗೆ ಎರೆಯುವವರ ಥರ, ಮೂಲೆ ಮೂಲೆಗೆ ಬೆರಳು ಹಾಕಿ ಉಜ್ಜುತ್ತಿದ್ದಾನೆ. ನಾನು ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ, ನೀಟಾಗಿ ಮಡಚಿ ಪಕ್ಕಕ್ಕಿಟ್ಟಿದ್ದ. ಡ್ರಮ್ಮಿನ ತಳದಲ್ಲಿ ನಿನ್ನೆಯ ಬೋರ್ಡೋ ಕಲಕಿಕೊಂಡು ನೀರು ತಿಳಿನೀಲಿಯಾಗಿತ್ತು.

ಆ ಕ್ಷಣ ನನಗಾದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ? ಮೂರು ತಿಂಗಳು ನನ್ನನ್ನು ಕಾಡಿದ್ದು ಕಣ್ಣೆದುರು ಸಿಕ್ಕಿಬಿದ್ದಿತ್ತು. ಹಿಂದೆ ಗೌಡರು, ರೈಟರು ಬಂದು ನಿಂತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ದನಿ ಏರಿಸಿದೆ.

"ನೀನೇ ಕಣೋ ಹೂವಣ್ಣ. ಮಳೆಯೂ ಅಲ್ಲ, ದೃಷ್ಟಿಯೂ ಅಲ್ಲ. ಮೂರು ತಿಂಗಳಿಂದ ಈ ಗಾಡಿ ಕೆಡಿಸ್ತಾ ಇರೋದು ನೀನೇ. ಎಂಜಿನ್‌ಗೆ ಪಂಪಲ್ಲಿ ನೀರು ಬಿಟ್ರೆ ಪ್ಲಗ್ ಬಾವಿ ತುಂಬದೆ ಇನ್ನೇನಾಗ್ತದೆ? ನನ್ನ ಮರ್ಯಾದೆ ತೆಗೆದುಬಿಟ್ಟೆ."

ಹೂವಣ್ಣ ಗನ್ ಕೆಳಗಿಟ್ಟ. ಪಂಪ್ ನಿಲ್ಲಿಸುವುದು ಅವನಿಗೆ ನೆನಪಾಗಲಿಲ್ಲ. ರೈಟರೇ ಹೋಗಿ ನಿಲ್ಲಿಸಿದರು.

"ಎಂಜಿನ್ ತೊಳೀಬಾರ್ದಾ?" ಎಂದು ಮೆಲ್ಲಗೆ ಕೇಳಿದ.

"ಯಾವನಾದ್ರೂ ತೊಳೀತಾನೇನೋ ಹಿಂಗೆ?" ಎಂದರು ಗೌಡರು. "ಯಾವತ್ತಿಂದ ಶುರು ಮಾಡ್ದೆ ಇದನ್ನ?"

ಹೂವಣ್ಣ ಹೇಳಿದ. ಜೂನ್ ತಿಂಗಳಲ್ಲಿ ಆಸ್ಪತ್ರೆಯ ಡಾಕ್ಟರು ಅಮ್ಮಾವ್ರನ್ನು ಕೂರಿಸಿಕೊಂಡು ಹೇಳಿದ್ದರಂತೆ, ಇನ್ನು ಮೇಲೆ ಶುಚಿ ಮುಖ್ಯ, ಸುತ್ತ ಮುತ್ತ ಎಲ್ಲೂ ಕೊಳೆ ಇರಬಾರದು, ಇನ್ಫೆಕ್ಷನ್ ಆದರೆ ಜೀವಕ್ಕೆ ಅಪಾಯ ಎಂದು. ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೂವಣ್ಣ ಅದನ್ನು ಕೇಳಿಸಿಕೊಂಡಿದ್ದ. ಕಾರಿನ ಒಳಗೆ ಬರುವ ಗಾಳಿ ಎಂಜಿನ್ ಕಡೆಯಿಂದಲೇ ತಾನೇ ಬರುವುದು ಎಂದು ಅವನ ಲೆಕ್ಕ. ಅಂದಿನಿಂದ ಆಸ್ಪತ್ರೆಯ ದಿನ ಬೆಳಗ್ಗೆ ಐದೂವರೆಗೆ ಎದ್ದು ಒಳಗೂ ಹೊರಗೂ ತೊಳೆಯುತ್ತಿದ್ದ. ಬಕೆಟ್ಟಿನ ನೀರು ಮೂಲೆಗೆ ಹೋಗುವುದಿಲ್ಲ ಎಂದು ಪಂಪು.

"ಒಳ್ಳೇದಕ್ಕೇ ಅಂದ್ಕೊಂಡೆ" ಎಂದ.

"ಸಾಕು. ಕೀ ಕೊಡು" ಎಂದರು ಗೌಡರು.

ಹೂವಣ್ಣ ಜೇಬಿನಿಂದ ಕೀ ತೆಗೆದು ಸ್ಟೋರಿನ ಮೆಟ್ಟಿಲ ಮೇಲೆ ಇಟ್ಟ. ಗೌಡರು ಅದನ್ನು ಮುಟ್ಟಲಿಲ್ಲ, ರೈಟರೂ ಮುಟ್ಟಲಿಲ್ಲ. ನಾನು ಏನಾದರೂ ಮಾಡುತ್ತಿರಬೇಕಲ್ಲ ಎಂದು ಕಾಯಿಲ್‌ಗಳನ್ನು ಕಿತ್ತೆ. ಮೊದಲನೆಯ ಕಾಯಿಲಿನ ರಬ್ಬರ್ ನನ್ನ ಬೆರಳ ನಡುವೆ ಮೆತ್ತಗೆ ಒತ್ತಿಕೊಂಡಿತು. ಆಯಿಲ್ ಕುಡಿದು ಉಬ್ಬಿ, ಬಾಯಿ ಸಡಿಲವಾಗಿದ್ದ ಅದೇ ಹಳೆಯ ರಬ್ಬರ್. ಅದು ಬಿಗಿಯಾಗಿ ಕೂತಿದ್ದರೆ ಮೇಲಿನಿಂದ ಎಷ್ಟು ನೀರು ಬಿದ್ದರೂ ಬಹುಪಾಲು ಒಳಗೆ ಇಳಿಯುವುದಿಲ್ಲ. ಉಳಿದ ಮೂರೂ ಅದೇ ಸ್ಥಿತಿಯಲ್ಲಿದ್ದವು. ಜೂನ್‌ನಲ್ಲೇ ಕಂಡಿದ್ದೆ. ಬದಲಿಸಬೇಕು ಎಂದು ಗೊತ್ತಿತ್ತು. ಮತ್ತೊಮ್ಮೆ ಹಾಸನಕ್ಕೆ ಹೇಳಿ ಕಳಿಸಲು ಬೇಜಾರಾಗಿ ಹಾಕಿದ್ದೆ, ಆಮೇಲೆ ಮಳೆಯ ಹಿಂದೆ ಬಿದ್ದು ಅದನ್ನು ಮರೆತೇ ಬಿಟ್ಟಿದ್ದೆ. ಈಗ ನೆನಪಾದರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಅಮ್ಮಾವ್ರು ಬಂದರು. ಹಸಿರು ಶಾಲು ಹೊದ್ದು, ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಆನಿಸಿಕೊಂಡು, ನಿಧಾನಕ್ಕೆ. ಮೆಟ್ಟಿಲ ಮೇಲಿನ ಕೀ ನೋಡಿದರು. ಗೌಡರೇ ಎಲ್ಲ ಹೇಳಿದರು. ಡಾಕ್ಟರ ಮಾತು, ಪಂಪು, ನೀರು, ಮೂರು ತಿಂಗಳು, ಎಲ್ಲ. "ನಿನ್ನ ಪ್ರಾಣ ಹೋಗ್ತಿತ್ತು ಅಕ್ಕ, ಇವನ ದೆಸೆಯಿಂದ" ಎಂದರು. ಹೂವಣ್ಣ ತಲೆ ತಗ್ಗಿಸಿದ್ದ. ಮೂವತ್ತು ವರ್ಷ ಆ ಮನೆಯ ಕಾರು ಓಡಿಸಿದವನು ಅಷ್ಟು ಸಣ್ಣಗೆ ನಿಂತದ್ದನ್ನು ನೋಡಲು ನನಗೆ ಆಗಲಿಲ್ಲ.

"ಅಮ್ಮಾವ್ರೇ" ಎಂದೆ. "ನೀರು ಹೂವಣ್ಣಂದು. ರಬ್ಬರ್ ನಂದು."

ರಬ್ಬರನ್ನು ಅವರ ಮುಂದೆ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲನೆಯ ಸಲವೇ ಇದನ್ನು ಬದಲಿಸಿದ್ದರೆ ಅವನು ಎಷ್ಟು ತೊಳೆದರೂ ನೀವು ರಸ್ತೆಯಲ್ಲಿ ಕೂರುವ ಹಾಗೆ ಆಗುತ್ತಿರಲಿಲ್ಲ ಎಂದೆ. ಗೌಡರು ನನ್ನನ್ನು ನೋಡಿದ ನೋಟದಲ್ಲಿ ಆ ಕಡೆಯ ಅರ್ಧ ಗಿರಾಕಿಗಳು ನನ್ನ ಗ್ಯಾರೇಜಿನ ಕೈಬಿಟ್ಟು ಹೋದರು ಎಂದು ಗೊತ್ತಾಯಿತು. ಹೋದದ್ದೂ ನಿಜ.

ಅಮ್ಮಾವ್ರು ರಬ್ಬರ್ ಕಡೆ ನೋಡಲೇ ಇಲ್ಲ. ಡ್ರಮ್ಮಿನ ನೀಲಿ ನೀರು ನೋಡಿದರು, ತೊಯ್ದ ಎಂಜಿನ್ ನೋಡಿದರು.

"ಡಾಕ್ಟ್ರು ಹೇಳಿದ್ದನ್ನ ನಾನೇ ಅರ್ಧ ಕೇಳಿದ್ದು ಕಣೋ ಜಯಣ್ಣ" ಎಂದರು ತಮ್ಮನಿಗೆ. "ನೀನು ಅಷ್ಟೂ ಕೇಳ್ಲಿಲ್ಲ. ಇವ್ನು ಎಂಜಿನ್ ತನ್ಕ ಕೇಳವ್ನೆ." ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತು ಬೇಕು ಲ್ಯಾನ್ಸಿ?" ಎಂದರು.

"ಮುಕ್ಕಾಲು ಗಂಟೆ ಅಮ್ಮಾವ್ರೇ."

ಅವರು ಹೋಗಿ, ಬಾನೆಟ್ ತೆರೆದು ನಿಂತಿದ್ದ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಗೌಡರ ಗಾಡಿ ಹತ್ತು ಹೆಜ್ಜೆ ದೂರದಲ್ಲಿ ಖಾಲಿ ನಿಂತಿತ್ತು.

ನನ್ನ ಜೀವಮಾನದಲ್ಲಿ ಅಷ್ಟು ಬೇಗ, ಅಷ್ಟು ಭಯದಿಂದ ಕೆಲಸ ಮಾಡಿಲ್ಲ. ಮೊದಲು ಬಾವಿ ಬತ್ತಿಸಬೇಕು, ಆಮೇಲೆ ಪ್ಲಗ್ ಬಿಚ್ಚಬೇಕು. ಅವಸರಕ್ಕೆ ಪ್ಲಗ್ ಮೊದಲು ಬಿಚ್ಚಿದರೆ ನೀರು ಸೀದಾ ಎಂಜಿನ್ ಹೊಟ್ಟೆಗೆ. ಕಾಫಿ ಕಡ್ಡಿಗೆ ಬನಿಯನ್ ಬಟ್ಟೆ ಸುತ್ತಿ ನಾಲ್ಕೂ ಬಾವಿಗಳ ನೀರನ್ನು ಹೀರಿಸಿದೆ. ಬಿಚ್ಚಿದ ಪ್ಲಗ್‌ಗಳನ್ನು ಅಡುಗೆಯ ಪುಟ್ಟಮ್ಮ ಒಲೆಯ ಅಂಚಿನಲ್ಲಿಟ್ಟು, ಹಪ್ಪಳ ತಿರುವಿದ ಹಾಗೆ ತಿರುವಿ ಒಣಗಿಸಿಕೊಟ್ಟಳು. ನೀಲಿ ಪುಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ರಬ್ಬರ್‌ಗಳ ಬಾಯಿಗೆ ಗ್ರೀಸ್ ಹಚ್ಚಿ, ಇವತ್ತೊಂದು ದಿನ ಹಿಡಿದುಕೊ ಎಂದು ನಮ್ಮ ಚರ್ಚಿನ ಮಾತೆಯನ್ನು ಬೇಡಿಕೊಂಡು ಒತ್ತಿ ಕೂರಿಸಿದೆ. ಮೆಟ್ಟಿಲ ಮೇಲಿನ ಕೀ ತಂದು ಸ್ಟಾರ್ಟ್ ಮಾಡಿದರೆ ನಾಲ್ಕೂ ಸಿಲಿಂಡರ್ ಒಂದೇ ಸಮ ಹಿಡಿದುಕೊಂಡವು. ಆ ದಿನ ಮಳೆ ಇರಲಿಲ್ಲ. ಕಿವಿಗೆ ಸ್ಕ್ರೂಡ್ರೈವರ್ ಬೇಕಾಗಲಿಲ್ಲ.

ಕೀ ಇನ್ನೂ ಕಾರಿನಲ್ಲೇ ಇತ್ತು, ನಾನು ಸ್ಟಾರ್ಟ್ ಮಾಡಿ ಬಿಟ್ಟದ್ದು. ಹೂವಣ್ಣ ಹತ್ತಿರ ಬರಲಿಲ್ಲ.

"ನಾನ್ ಒಲ್ಲೆ ಅಮ್ಮಾವ್ರೇ" ಎಂದ. "ನನ್ ಕೈಯಾರೆ ನಿಮ್ಮನ್ನ ದಾರೀಲಿ ಕೂರ್ಸಿದ್ದೀನಿ. ಅವತ್ತು ಏನಾರ ಆಗೋಗಿದ್ರೆ? ಗೌಡ್ರು ಹೇಳೋದು ಸರಿ ಐತೆ. ನಾನು ಗೇಟಲ್ಲೇ ಇರ್ತೀನಿ."

ಅಮ್ಮಾವ್ರು ಸಮಾಧಾನ ಮಾಡಲಿಲ್ಲ, ಗದರಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದರು.

"ಹೂವಣ್ಣ, ಹೊತ್ತಾಯ್ತು" ಎಂದರು.

ದಿನಾ ಹೇಳುವ ಮಾತು ಅದು. ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಸ್ಟೇರಿಂಗ್ ಮುಂದೆ ಕೂತ. ಕಾರು ಗೇಟು ದಾಟಿ, ಇಳಿದು, ಎದುರಿನ ಏರು ಹತ್ತುವ ಶಬ್ದವನ್ನು ನಾನು ನಿಂತು ಕೇಳಿದೆ. ಎಲ್ಲೂ ಜಗ್ಗಲಿಲ್ಲ. ಆಮೇಲೆ ಸ್ಟೋರಿನ ಹಿಂದೆ ಹೋಗಿ ಅತ್ತೆ. ಪುಟ್ಟಮ್ಮ ನೋಡಿ, ನೋಡದವಳ ಹಾಗೆ ಕಾಫಿ ಇಟ್ಟು ಹೋದಳು.

ಹಾಸನದಿಂದ ಆ ದಿನವೇ ಹೊಸ ರಬ್ಬರ್ ಬಂತು. ಆಯುಧಪೂಜೆಗೆ ಹೊಸ ಗಾಡಿ ಬರಲಿಲ್ಲ. ಅದಕ್ಕೂ ಮೊದಲು, ಆ ವಾರದ ಭಾನುವಾರವೇ, ಹೂವಣ್ಣ ಅದೇ ಕಾರು ತಂದುಕೊಂಡು ನನ್ನ ಶೆಡ್ಡಿಗೆ ಬಂದ. ಎಲ್ಲರ ಎದುರು ಹಾಗೆ ಕೂಗಬಾರದಿತ್ತು ಎಂದು ಹೇಳಬೇಕು ಅಂತ ವಾರವಿಡೀ ಮಾತು ಜೋಡಿಸಿಕೊಂಡಿದ್ದೆ. ಅರ್ಧ ಹೇಳುವಷ್ಟರಲ್ಲಿ ತಡೆದ.

"ನೀನ್ ಹೇಳ್ದೆ ಇದ್ದಿದ್ರೆ ಗುರುವಾರ ಮತ್ತೆ ತೊಳೀತಿದ್ದೆ. ಬುಡು." ಆಮೇಲೆ ಬಾನೆಟ್ ಕಡೆ ನೋಡಿ, "ಅದೊಂದ್ ಸ್ವಲ್ಪ ನೀನೇ ಎತ್ತಿ ನೋಡು. ನಂಗೆ ಕೈ ಹೋಗಲ್ಲ ಕಣೋ" ಎಂದ.

ಅಮ್ಮಾವ್ರು ಆಮೇಲೆ ನಾಲ್ಕು ವರ್ಷ ಬದುಕಿದರು. ಅಷ್ಟೂ ದಿನ ಅವರನ್ನು ಕರೆದುಕೊಂಡು ಹೋಗಿ ಬಂದದ್ದು ಹೂವಣ್ಣನೇ, ಒಂದು ದಿನವೂ ತಡವಾಗಲಿಲ್ಲ. ಆದರೆ ಅವನು ಆ ಬಾನೆಟ್ ಮುಟ್ಟಲಿಲ್ಲ. ಪ್ರತಿ ಭಾನುವಾರ ತಂದು ನಿಲ್ಲಿಸುವುದು, ನಾನು ಎತ್ತಿ ಒಣಬಟ್ಟೆಯಲ್ಲಿ ಒರೆಸುವುದು, ಅವನು ಕೈ ಹಿಂದೆ ಕಟ್ಟಿಕೊಂಡು ಎರಡು ಮಾರು ದೂರ ನಿಲ್ಲುವುದು. ಅಷ್ಟು ಪ್ರೀತಿಯಿಂದ ಆ ಎಂಜಿನ್ ಮುಟ್ಟುತ್ತಿದ್ದವನ ಕೈಯನ್ನು ನನ್ನ ಬಾಯಿ ಹಿಂದಕ್ಕೆ ಕಟ್ಟಿತ್ತು. ನಾಲ್ಕು ವರ್ಷ ಅದನ್ನು ನೋಡಿಕೊಂಡೇ ಒರೆಸಿದೆ.

ಅಮ್ಮಾವ್ರ ತಿಥಿ ಮುಗಿದ ಮೇಲೆ ಹೂವಣ್ಣ ಒಂದು ಬೆಳಗ್ಗೆ ಕಾರು ತಂದ. ಗೌಡರು ಮಾರಿದ್ದಾರೆ, ಮಧ್ಯಾಹ್ನ ತಗೊಂಡವರು ಬರುತ್ತಾರೆ, ಒಂದು ಸಲ ನೋಡಿಬಿಡು ಎಂದ. ನಾನು ಬಾನೆಟ್ ಎತ್ತಿದೆ. ಬಟ್ಟೆಯನ್ನು ಅವನ ಕೈಗೆ ಕೊಟ್ಟೆ.

"ಇವತ್ತು ನೀನು ಒರೆಸು ಹೂವಣ್ಣ."

ತುಂಬ ಹೊತ್ತು ಬಟ್ಟೆ ಹಿಡಿದುಕೊಂಡು ನಿಂತಿದ್ದ. ಆಮೇಲೆ ಬಗ್ಗಿದ. ಒಂದೊಂದೇ ಕಾಯಿಲ್, ಒಂದೊಂದೇ ವೈರ್, ಮೂಲೆ ಮೂಲೆಗೆ ಬೆರಳು ಹಾಕಿ ಒರೆಸತೊಡಗಿದ. ಆಸ್ಪತ್ರೆಗೆ ಹೋಗುವುದಿರಲಿಲ್ಲ, ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಮುಗಿಸಲು ಅವನಿಗೆ ಒಂದು ಗಂಟೆ ಹಿಡಿಯಿತು.